ನಿದ್ದೆರಾಯನ ಪೀಠವನ್ನು ಕೊರೆಯಬೇಡಿ

ನಗರದ ಸ್ಮಾರಕ ಮತ್ತು ಉದ್ಯಾನ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನೀವು ಚೌಕದಲ್ಲಿರುವ ಶಾಂತಿ ಸ್ಮಾರಕದ ಪೀಠಕ್ಕೆ ಮೂವತ್ತೆರಡು ತೂತು ಕೊರೆಸಲಿದ್ದೀರಿ. ಕೊರೆಸಬೇಡಿ. ಆ ಪೀಠದೊಳಗೆ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಒಂದು ಶೆಲ್ ಇದೆ. ಮದ್ದು ತೆಗೆಯದ, ಮೂತಿಯ ಸಿಡಿಸುವ ಕೀಲು ಬಿಚ್ಚದ ಶೆಲ್. ಅದನ್ನು ಅಲ್ಲಿ ಇಟ್ಟವಳು ನಾನು.

ಇಷ್ಟು ಓದಿ ನೀವು ಪತ್ರಿಕೆ ಕೆಳಗಿಟ್ಟು ಫೋನು ಕೈಗೆತ್ತಿಕೊಂಡರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ. ಆದರೆ ನಾಲ್ಕು ತಿಂಗಳಿಂದ ನಿಮ್ಮನ್ನು ಬಲ್ಲೆ. ನೀವು ಫೋನು ಎತ್ತುವವರಲ್ಲ. ಆದ್ದರಿಂದ ಇಡೀ ಊರು ಓದುವ ಹಾಗೆ ಬರೆಯುತ್ತಿದ್ದೇನೆ. ನೀವು ಎತ್ತದಿದ್ದರೆ ಬೇರೆ ಯಾರಾದರೂ ಎತ್ತಲಿ.

ನಿಮ್ಮ ಕಡತದಲ್ಲಿ ನನ್ನ ಹೆಸರು "ತಕರಾರು ಅರ್ಜಿದಾರರು" ಎಂದಿದೆ. ಊರಿನವರು ಎರಕದಮ್ಮ ಎನ್ನುತ್ತಾರೆ. ಚೌಕದ ಹಿಂದಿನ ಎರಡನೇ ಬೀದಿಯಲ್ಲಿ, ಹೊಗೆಗೂಡು ಒಂದು ಕಡೆಗೆ ಸ್ವಲ್ಪ ವಾಲಿರುವ ಇಟ್ಟಿಗೆಯ ಕಟ್ಟಡ ನಮ್ಮದು. ಗಂಟೆ, ನಲ್ಲಿ, ಬಾಗಿಲ ಹಿಡಿ, ಪಂಪಿನ ಬಿಡಿಭಾಗ, ಕಂಚಿನಲ್ಲಿ ಹಿತ್ತಾಳೆಯಲ್ಲಿ ಏನೇನು ಹೊಯ್ಯಬಹುದೋ ಅದನ್ನೆಲ್ಲ ನಾಲ್ಕು ತಲೆಮಾರಿನಿಂದ ಹೊಯ್ದುಕೊಂಡು ಬಂದಿದ್ದೇವೆ. ನಿಮ್ಮ ಕೋಣೆಯ ಬಾಗಿಲ ಹಿಡಿ ಕೂಡ ನಮ್ಮದೇ. ಮೂರು ಸಲ ಅದರ ಹೊರಗೆ ನಿಂತು ನೋಡಿದ್ದೇನೆ. ಗಟ್ಟಿಯಾಗಿದೆ.

ನಾನು ಹೈಸ್ಕೂಲು ಮುಗಿಸಿದವಳು. ವಯಸ್ಸು ಎಪ್ಪತ್ತೆರಡು. ಯಾರ ಮುಂದೆಯೂ ತಲೆ ತಗ್ಗಿಸಿ ನಿಂತವಳಲ್ಲ, ಅದು ನಮ್ಮ ಬೀದಿಯವರಿಗೆಲ್ಲ ಗೊತ್ತು. ಈಗ ಹೆದರಿದ್ದೇನೆ. ಹೆದರಿದ್ದೇನೆ ಎಂದು ಬರೆಯಲು ಕೈ ಒಪ್ಪುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಬೀದಿಯಲ್ಲಿ ಲಾರಿ ಹೋದರೆ ನಮ್ಮ ಅಡುಗೆಮನೆಯ ಚಮಚಗಳು ಡಬ್ಬಿಯೊಳಗೆ ಸಣ್ಣಗೆ ಸದ್ದು ಮಾಡುತ್ತವೆ. ಆ ಸದ್ದು ನಿಲ್ಲುವವರೆಗೆ ನಾನು ಉಸಿರು ಬಿಡುವುದಿಲ್ಲ. ನಮ್ಮ ಅಡುಗೆಮನೆಯಿಂದ ಚೌಕಕ್ಕೆ ಇನ್ನೂರ ಹತ್ತು ಹೆಜ್ಜೆ. ಚಮಚ ಅಲುಗಿಸಿದ ಲಾರಿ ಅಲ್ಲಿ ಇನ್ನೇನನ್ನು ಅಲುಗಿಸಿತೋ ಎಂದು ಮೂವತ್ತಮೂರು ವರ್ಷದಿಂದ ಕಿವಿ ಕೊಟ್ಟು ಕುಳಿತಿದ್ದೇನೆ.

ನಿಮ್ಮ ಇಲಾಖೆ ಹೊರತಂದ ಬಣ್ಣದ ಪುಸ್ತಿಕೆ ನಮ್ಮ ಮನೆಗೂ ಬಂತು. "ಜಗತ್ತಿನ ಶಾಂತಿ ಸ್ಮಾರಕಗಳ ಸಾಲಿಗೆ ನಮ್ಮ ಊರು" ಎಂದು ಮುಖಪುಟ. ಒಳಗೆ ದೇಶ ದೇಶಗಳ ಚಿತ್ರ. ಒಂದು ಕಡೆ ನಳಿಗೆಗೆ ಗಂಟು ಬಿದ್ದ ಪಿಸ್ತೂಲು. ಒಂದು ಕಡೆ ಒಂದು ಕಾಲು ಮುರಿದ, ಮನೆಗಿಂತ ಎತ್ತರದ ಕುರ್ಚಿ. ಇನ್ನೊಂದು ಕಡೆ ತಲೆಯ ಮೇಲೆ ಕಾಗದದ ಕೊಕ್ಕರೆ ಎತ್ತಿ ಹಿಡಿದ ಹುಡುಗಿ. ಕತ್ತಿಯನ್ನು ಬಡಿದು ನೇಗಿಲು ಮಾಡುತ್ತಿರುವ ಗಂಡಸು. ಪ್ರತಿಯೊಂದರ ಮುಂದೆಯೂ ನೀವು, ಅದೇ ಕಪ್ಪು ಕನ್ನಡಕ, ಅದೇ ನಗು. ಅಧ್ಯಯನ ಪ್ರವಾಸವಂತೆ. ನಾನು ನಿಮ್ಮನ್ನು ಬಿಟ್ಟು ಹಿಂದಿನದನ್ನು ಬಹಳ ಹೊತ್ತು ನೋಡಿದೆ. ಆ ನಳಿಗೆಯ ಗಂಟನ್ನು ಹೊಯ್ದ ಕೈಗೆ ನಮಸ್ಕಾರ. ಎರಕದವಳಿಗೆ ಗೊತ್ತಾಗುತ್ತದೆ, ಅದು ಎಷ್ಟು ಕಷ್ಟದ ತಿರುವು ಎಂದು. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಅಷ್ಟು ದೂರ ಹೋಗಿ ಅಷ್ಟೊಂದು ಸ್ಮಾರಕಗಳ ಮುಂದೆ ನಿಂತವರು, ಒಂದು ಕಡೆಯಾದರೂ "ಇದು ಯಾತರಿಂದ ಮಾಡಿದ್ದು, ಪೀಠದೊಳಗೆ ಏನಿದೆ" ಎಂದು ಕೇಳಿದಿರಾ? ಅಲ್ಲಿ ಕೇಳಿದ್ದರೆ ಇಲ್ಲಿಯೂ ಕೇಳುವ ಅಭ್ಯಾಸವಾಗುತ್ತಿತ್ತು.

ಆ ಸ್ಮಾರಕಗಳಲ್ಲಿ ಎಷ್ಟೋ ಒಂದೇ ಮಾತನ್ನು ಹೇಳಲು ಹೊರಟಿವೆ: ಈ ಆಯುಧ ಇನ್ನು ಕೆಲಸ ಮಾಡುವುದಿಲ್ಲ. ನಮ್ಮ ಊರೂ ಅದನ್ನೇ ಹೇಳಿತು. ನಮ್ಮ ಮಾತು ಮಾತ್ರ ಎಂಟರಲ್ಲಿ ಒಂದು ಪಾಲು ಸುಳ್ಳು.

ನೀವು ಈ ಊರಿಗೆ ಬಂದು ಮೂರು ವರ್ಷವಾಗಿರಬಹುದು. ಹೇಗೆ ಆಯಿತೆಂದು ತಿಳಿಸುತ್ತೇನೆ.

ಯುದ್ಧ ನಿಂತ ವಾರ ನಮ್ಮ ಯಜಮಾನರು ಹಿಟ್ಟಿನ ಗಿರಣಿಯ ಹತ್ತಿರ ಒಬ್ಬ ಕಾವಲು ಸೈನಿಕನನ್ನು ಕಂಡರು. ಅವನು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದ. ಹಗಲು ಹನ್ನೊಂದು ಗಂಟೆ. ಯಾರೂ ಎಬ್ಬಿಸಲಿಲ್ಲ. ಹಿಟ್ಟು ಒಯ್ಯಲು ಬಂದವರು ಸದ್ದಾಗದ ಹಾಗೆ ಅವನನ್ನು ಬಳಸಿಕೊಂಡು ಹೋಗುತ್ತಿದ್ದರಂತೆ. ಯಜಮಾನರು ಮನೆಗೆ ಬಂದವರೇ "ಕಂಡೆ ಕಣೇ, ಶಾಂತಿ ಅಂದ್ರೆ ಹೆಂಗಿರುತ್ತೆ ಅಂತ ಕಂಡೆ. ಗೊರಕೆ ಹೊಡೀತಿತ್ತು" ಅಂದರು. ಅವನನ್ನೇ ಮೇಣದಲ್ಲಿ ತಿದ್ದಿದರು. ನೀವು ಪುಸ್ತಿಕೆಯಲ್ಲಿ "ವಿಶ್ರಾಂತ ಯೋಧ" ಎಂದು ಅಚ್ಚು ಹಾಕಿಸಿದ್ದೀರಿ. ಊರಿಗೆ ಅವನು ನಿದ್ದೆರಾಯ. ಅವನ ಒಂದು ಬೂಟಿನಲ್ಲಿ ಗುಬ್ಬಿಗಳು ಗೂಡು ಕಟ್ಟುತ್ತವೆ. ಎದುರಿನ ಶಾಲೆಯ ಮಕ್ಕಳು ಅವನ ಮಂಡಿಯ ಮೇಲೆ ಕೂತು ಕೂತು ಅಷ್ಟು ಭಾಗ ಹೊಳೆಯುತ್ತದೆ.

ಅವನನ್ನು ಹೊಯ್ಯಲು ಲೋಹ ಬೇಕಿತ್ತು. ಊರಿನವರು ತಂದರು. ಖಾಲಿ ತೋಟಾಗಳು, ಬಕಲು, ಬಿಲ್ಲೆ, ತೂತು ಬಿದ್ದ ಪಾತ್ರೆ. ಮನೆಗೊಂದು ತುಂಡು ಎಂದು ಸಾರಿದ್ದೆವು, ಬುಟ್ಟಿಗಟ್ಟಲೆ ತಂದರು. ನಮ್ಮ ಮನೆತನದಲ್ಲಿ ಎರಡು ಕಟ್ಟಳೆಗಳಿವೆ. ಒಂದು, ಕುಲುಮೆಗೆಂದು ಒಬ್ಬರು ಮನಸ್ಸಿಟ್ಟು ತಂದದ್ದನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕರಗದಿದ್ದರೆ ಬೇರೆ ಜಾಗ ಹುಡುಕಬೇಕು. ಇನ್ನೊಂದು, ಬೆಂಕಿ ಗಂಡಸಿನದು, ಗುರುತು ಹೆಂಗಸಿನದು. ಯಾವ ಲೋಹ ಶುದ್ಧ, ಯಾವುದು ಬೆರಕೆ, ಯಾವುದು ಒಳಗೆ ಹೋಗಬಹುದು, ಎಲ್ಲಕ್ಕೂ ಮನೆಯ ಹೆಂಗಸು ಬಣ್ಣದಲ್ಲಿ ಗುರುತು ಹಾಕುತ್ತಾಳೆ. ಅವಳ ಗುರುತನ್ನು ಗಂಡಸು ಮತ್ತೆ ತೂಗಿ ನೋಡುವುದಿಲ್ಲ. ಅವನ ಬೆಂಕಿಗೆ ಅವಳು ಬಾಯಿ ಹಾಕುವುದಿಲ್ಲ. ನಮ್ಮ ಅತ್ತೆ ಸಾಯುವ ಮೊದಲು ನನ್ನ ಕೈಗೆ ಬಣ್ಣದ ಡಬ್ಬಿ ಕೊಟ್ಟಿದ್ದರು. ಒಡವೆ ಕೊಟ್ಟಿದ್ದರೂ ನನಗೆ ಅಷ್ಟು ಹೆಮ್ಮೆ ಆಗುತ್ತಿರಲಿಲ್ಲ.

ಜನ ತಂದದ್ದರಲ್ಲಿ ಸಿಡಿಯದೆ ಉಳಿದ ಶೆಲ್ಲುಗಳೂ ಇದ್ದವು, ಏಳು. ಅವುಗಳ ಮೈ ಕಬ್ಬಿಣ, ನಮ್ಮ ಕುಲುಮೆಯಲ್ಲಿ ಕರಗುವುದಿಲ್ಲ. ಸೇನೆಯವರು ಒಬ್ಬ ಹವಾಲ್ದಾರನನ್ನು ಕಳಿಸಿದರು. ದಪ್ಪ ಮೀಸೆ, ಮಾತು ಕಡಿಮೆ. ಅವನು ಊರಾಚೆಯ ಬಯಲಿನಲ್ಲಿ ಕುಳಿತು ಒಂದೊಂದನ್ನೇ ಬಿಚ್ಚಿ, ಮದ್ದು ತೆಗೆದು, ನನ್ನ ಕಡೆಗೆ ತಲೆಯಾಡಿಸುತ್ತಿದ್ದ. ನಾನು ಅದರ ಮೈ ಸುತ್ತ ಬಿಳಿ ಬಣ್ಣದ ಬಳೆ ಬರೆಯುತ್ತಿದ್ದೆ. ಬಿಳಿ ಬಳೆ ಎಂದರೆ ಖಾಲಿ. ಏಳಕ್ಕೂ ಬರೆದೆ. ಅವನು "ಏಳು ಶೆಲ್ ನಿಷ್ಕ್ರಿಯಗೊಳಿಸಲಾಗಿದೆ" ಎಂದು ಒಂದು ಕಾಗದಕ್ಕೆ ರುಜು ಹಾಕಿ, ಒಂದು ಪ್ರತಿಯನ್ನು ಇದೇ ನಿಮ್ಮ ಇಲಾಖೆಗೆ ಕೊಟ್ಟು, ಮರುದಿನ ಬೆಳಿಗ್ಗೆ ಹೊರಟುಹೋದ. ಅವುಗಳನ್ನು ಪೀಠದ ಹೊಟ್ಟೆಯಲ್ಲಿ ಮರಳು ತುಂಬಿ ನಿಲ್ಲಿಸಿ, ಮೇಲೆ ಕಾಂಕ್ರೀಟು ಹಾಕುವುದೆಂದು ತೀರ್ಮಾನವಾಗಿತ್ತು. ಆಯುಧದ ಮೇಲೆ ನಿದ್ದೆ ಹೋದ ಕಾವಲುಗಾರ. ಆಗ ಎಲ್ಲರಿಗೂ ಅದು ದೊಡ್ಡ ಮಾತಾಗಿ ಕಂಡಿತು.

ಹವಾಲ್ದಾರ ಹೋದ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಕಾಲುವೆಯ ಆಚೆ ಬಟ್ಟೆ ಹೊಲಿಯುವವಳು. ಕಂಕುಳಲ್ಲಿ ಹಳೆ ಹೊದಿಕೆ ಸುತ್ತಿದ ಏನೋ ಒಂದು. ಕೂಸು ಅಂದುಕೊಂಡೆ. ಬಿಚ್ಚಿದಳು, ಶೆಲ್. ಅವಳ ಮನೆಯ ಮಾಡು ಒಡೆದು ಬಂದು ಅಡುಗೆಮನೆಯ ಹಿಟ್ಟಿನ ಡಬ್ಬದಲ್ಲಿ ಬಿದ್ದಿತ್ತಂತೆ. ಸಿಡಿದಿರಲಿಲ್ಲ. ಐದು ತಿಂಗಳು ಅವಳು, ಅವಳ ಇಬ್ಬರು ಹೆಣ್ಣುಮಕ್ಕಳು ಅದನ್ನು ಮುಟ್ಟದೆ ಸುತ್ತಿಬಳಸಿ ಓಡಾಡಿದ್ದಾರೆ, ಅದರ ಪಕ್ಕದಲ್ಲೇ ಒಲೆ ಹಚ್ಚಿದ್ದಾರೆ.

"ತಡವಾಯ್ತಮ್ಮಾ, ಪರೀಕ್ಷೆ ಮಾಡೋರು ಬೆಳಿಗ್ಗೆನೇ ಹೋದ್ರು," ಅಂದೆ.

"ಹಾಗಾದ್ರೆ ನಾನೇನು ಮಾಡ್ಲಿ ಅಕ್ಕಾ? ಮತ್ತೆ ಮನೆಗೆ ತಗೊಂಡು ಹೋಗ್ಲಾ? ಅಲ್ಲೇ ಇಟ್ಟು ಅಡುಗೆ ಮಾಡ್ಲಾ?"

"ಎರಡು ದಿನ ಇಟ್ಕೋ, ಹೇಳಿ ಕಳಿಸ್ತೀನಿ."

"ಎಲ್ಲರದೂ ತಗೊಂಡ್ರಿ. ಗಿರಣಿಯವರದು, ಬಸ್ಸಿನ ಡ್ರೈವರದು, ಎಲ್ಲರದೂ. ನಂದು ಮಾತ್ರ ಬೇಡ್ವಾ?"

ಅವಳು ಅಳಲಿಲ್ಲ. ಅತ್ತಿದ್ದರೆ ಬೈದು ಕಳಿಸುತ್ತಿದ್ದೆ, ನನ್ನ ಸ್ವಭಾವವೇ ಅದು. ಅವಳು ಸುಮ್ಮನೆ ಹೊದಿಕೆಯನ್ನು ಮತ್ತೆ ಸುತ್ತತೊಡಗಿದಳು. ಆ ಬೆರಳುಗಳನ್ನು ನೋಡಲಾಗಲಿಲ್ಲ. ಕುಲುಮೆಗೆ ತಂದದ್ದನ್ನು ಹಿಂದಕ್ಕೆ ಕಳಿಸಬಾರದು ಎಂಬ ಕಟ್ಟಳೆಯೂ ತಲೆಯಲ್ಲಿತ್ತು. "ಕೊಡಿಲ್ಲಿ" ಅಂದೆ. ಅವಳು ಹೋದ ಮೇಲೆ ಅದನ್ನು ಉಳಿದ ಏಳರ ಪಕ್ಕದಲ್ಲಿ ನಿಲ್ಲಿಸಿದೆ. ಹವಾಲ್ದಾರನನ್ನು ವಾಪಸ್ಸು ಕರೆಸಬೇಕೆಂದು ಅಂದುಕೊಂಡೆ. ಅಷ್ಟರಲ್ಲಿ ಲೋಹ ಕರಗಿಸುವ ಮೂಸೆ ಕೆಂಪಾಗಿದೆ, ಎಲ್ಲ ತಯಾರಾಗಲಿ ಎಂದು ಒಳಗಿನಿಂದ ಯಜಮಾನರ ಕೂಗು. ಒಂದು ಮಾತ್ರ ಬಳೆ ಇಲ್ಲದೆ ನಿಂತಿದ್ದರೆ ಹತ್ತು ಜನ ಹತ್ತು ಪ್ರಶ್ನೆ ಕೇಳುತ್ತಾರೆ. ಅವಳನ್ನು ಹುಡುಕಿ ಅದನ್ನು ಹಿಂದಕ್ಕೆ ಕಳಿಸುತ್ತಾರೆ. ನಾನು ಕುಂಚ ಅದ್ದಿ ಬಿಳಿ ಬಳೆ ಬರೆದೆ.

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಐದು ತಿಂಗಳು ಸಿಡಿಯದ್ದು ಇನ್ನು ಸಿಡಿಯುತ್ತದೆಯೇ ಎಂಬ ಉಡಾಫೆ ಇತ್ತು. ಸಂಜೆಯೊಳಗೆ ಹೇಳಿದರಾಯಿತು ಎಂಬ ಸೋಮಾರಿತನವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಗುರುತನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬ ಸೊಕ್ಕು ಇತ್ತು.

ಸಂಜೆ ಪೀಠಕ್ಕೆ ಇಳಿಸುವಾಗ ಯಜಮಾನರು ಒಂದು ಕ್ಷಣ ನಿಂತರು.

"ಎಂಟಾ? ಏಳಲ್ವೇನೇ?"

"ಎಂಟು. ಎಣಿಕೆ ನಿಮಗೆ ಯಾವಾಗಿಂದ ಬಂತು?"

ಎಲ್ಲರೂ ನಕ್ಕರು. ಅವರೂ ನಕ್ಕರು. "ನೀನು ಎಂಟು ಅಂದ್ರೆ ಎಂಟು" ಅಂದರು. ಹನ್ನೆರಡು ವರ್ಷದ ನಮ್ಮ ಮಗ ಪಕ್ಕದಲ್ಲೇ ಮರಳಿನ ಬುಟ್ಟಿ ಹಿಡಿದು ನಿಂತಿದ್ದ. ಅವನೂ ನಕ್ಕ. ಒಂದು ಗಂಟೆಯಲ್ಲಿ ಕಾಂಕ್ರೀಟು ಬಿತ್ತು.

ಇಷ್ಟೇ, ಮಾನ್ಯರೇ. ಇದರಲ್ಲಿ ಶತ್ರುದೇಶದ ಸಂಚಿಲ್ಲ, ಗೂಢಚಾರರಿಲ್ಲ. ಒಂದು ಡಬ್ಬಿ ಬಣ್ಣ, ಒಬ್ಬ ಸೊಕ್ಕಿನ ಹೆಂಗಸು.

ಉದ್ಘಾಟನೆಯ ದಿನ ಯಾವನೋ ಮಂತ್ರಿ ಪೀಠವನ್ನು ಕೈಯಿಂದ ತಟ್ಟಿ ತಟ್ಟಿ ಭಾಷಣ ಮಾಡಿದ. ನಾನು ಮೊದಲ ಸಾಲಿನಲ್ಲಿ ಕುಳಿತು ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದೆ. ಪತ್ರಿಕೆಯವರು "ಭಾವಪರವಶರಾದ ಶಿಲ್ಪಿಯ ಪತ್ನಿ" ಎಂದು ಚಿತ್ರ ಹಾಕಿದರು. ಆಮೇಲೆ ಪ್ರತಿ ವರ್ಷ ಆ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಚೌಕದ ಬೆಂಚಿನ ಮೇಲೆ ಕೂರುತ್ತೇನೆ. ಬ್ಯಾಂಡಿನವರು ಹತ್ತಿರ ಬಂದರೆ ದೂರ ಹೋಗಿ ಬಾರಿಸಿ ಎನ್ನುತ್ತೇನೆ. ಜನ ಅದನ್ನು ಭಕ್ತಿ ಎಂದುಕೊಂಡರು. ನಾನು ತಿದ್ದಲಿಲ್ಲ.

ಅಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುವಿರಿ. ಕೇಳಲೇಬೇಕು. ಮೊದಲು ಯಜಮಾನರ ಹೆಸರಿಗೆ ಮಸಿ ಹತ್ತುತ್ತದೆಂದು ಸುಮ್ಮನಿದ್ದೆ. ಆಮೇಲೆ ಸುಮ್ಮನಿದ್ದದ್ದೇ ಹೆಚ್ಚು ನಾಚಿಕೆಯಾಯಿತು. ವರ್ಷ ಕಳೆದಷ್ಟೂ ಮಾತು ಭಾರವಾಯಿತು. ಅವರು ತೀರಿಕೊಂಡು ಹನ್ನೊಂದು ವರ್ಷ. ಕೊನೆಯ ವಾರವೂ ನನ್ನ ಕೈ ಹಿಡಿದು "ನಮ್ಮ ಕೆಲಸದಲ್ಲಿ ಒಂದೇ ಒಂದು ತಪ್ಪು ಗುರುತು ಬೀಳಲಿಲ್ಲ ನೋಡು" ಅಂದರು. ಆಗಲಾದರೂ ಹೇಳಬಹುದಿತ್ತು. ನೀರು ಕುಡಿಸಿದೆ.

ಬಾಯಿ ಬಿಡದೆ ಕಾಯುವುದಕ್ಕೆ ಸುಳ್ಳು ಹೇಳಬೇಕಾಗುತ್ತದೆ. ಹದಿನಾಲ್ಕು ವರ್ಷದ ಹಿಂದೆ ವಾಹನ ಸಂಚಾರಕ್ಕೆಂದು ಸ್ಮಾರಕವನ್ನು ಪಕ್ಕಕ್ಕೆ ಸರಿಸಲು ಹೊರಟಾಗ, ಎತ್ತಿದರೆ ಕಂಚಿನ ಕಾಲು ಬಿರುಕು ಬಿಡುತ್ತದೆ ಎಂದೆ. ಅದು ಸುಳ್ಳು. ನಮ್ಮ ಎರಕ ಬಿರುಕು ಬಿಡುವುದಿಲ್ಲ. ಆರು ವರ್ಷದ ಹಿಂದೆ ಪೀಠದ ಬುಡದಲ್ಲಿ ನೀರಿನ ಕೊಳವೆ ಹಾಕಲು ಬಂದಾಗ, ಗಂಡನ ನೆನಪಿಗೆ ಕೈ ಹಚ್ಚಬೇಡಿ ಎಂದು ನಡು ಚೌಕದಲ್ಲಿ ಅತ್ತೆ. ನಾನು! ಆ ಕಣ್ಣೀರು ಹಾಕಲು ನನಗೆಷ್ಟು ಕಷ್ಟವಾಯಿತು ಎಂದು ನಿಮಗೆ ತಿಳಿಯದು. ಎರಡು ಸಲವೂ ಕೆಲಸ ನಿಂತಿತು. ಎರಡು ಸಲವೂ ನಿಮ್ಮ ಕಡತಕ್ಕೆ ಒಂದೊಂದು ಹಾಳೆ ಸೇರಿತು: ಈ ಮುದುಕಿ ಏನಾದರೊಂದು ನೆಪ ತೆಗೆಯುತ್ತಾಳೆ ಎಂದು.

ಈಗ ನೀವು ಸ್ಮಾರಕವನ್ನು ಜಗತ್ತಿನ ಮಟ್ಟಕ್ಕೆ ಏರಿಸಲು ಹೊರಟಿದ್ದೀರಿ. ಬಣ್ಣ ಬದಲಿಸುವ ದೀಪ, ಹಾಡಿಗೆ ತಕ್ಕಂತೆ ಕುಣಿಯುವ ಕಾರಂಜಿ. ನಿದ್ದೆ ಹೋದವನ ಮುಖಕ್ಕೆ ದೀಪ ಬಿಡುವ ವಿಚಾರ ಯಾರಿಗೆ ಹೊಳೆಯಿತೋ, ಅವರನ್ನು ಒಂದು ರಾತ್ರಿ ಹಾಗೆ ಮಲಗಿಸಿ ನೋಡಬೇಕು. ಹೋಗಲಿ. ಅದರ ತಂತಿಗಳಿಗಾಗಿ ಪೀಠಕ್ಕೆ ತೂತು. ಮೂರು ಅರ್ಜಿ ಕೊಟ್ಟೆ. "ಸುರಕ್ಷತೆಯ ಕಾರಣಗಳಿಂದ" ಎಂದು ಬರೆದೆ. ಕಾರಣವನ್ನು ಅನುಬಂಧದಲ್ಲಿ ವಿವರಿಸಿ ಎಂದು ನಿಮ್ಮ ಉತ್ತರ ಬಂತು. ಅನುಬಂಧ ಬರೆಯಲು ಕೈ ಬರಲಿಲ್ಲ. ಹೋದ ಮಂಗಳವಾರ ನಿಮ್ಮ ಕೋಣೆಗೇ ಬಂದು ಬಾಯಲ್ಲಿ ಹೇಳಿದೆ. ನಮ್ಮಿಬ್ಬರ ಮಾತು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

"ಅಜ್ಜಿ, ಶಾಂತಿ ಸ್ಮಾರಕದೊಳಗೆ ಬಾಂಬಿದೆ ಅಂತೀರಾ?"

"ಶೆಲ್. ಹೌದು."

"ಹಿಂದೆ ಬಿರುಕು ಬಿಡುತ್ತೆ ಅಂದಿದ್ರಲ್ಲ? ಕಡತದಲ್ಲಿದೆ."

"ಆವಾಗ ಹೇಳಿದ್ದು ಸುಳ್ಳು."

"ಮತ್ತೆ ಈಗ?"

"ಈಗ ಹೇಳ್ತಿರೋದು ನಿಜ."

"ಮುಂದಿನ ಸಲ ಏನು ಹೇಳ್ತೀರಿ ಅಜ್ಜಿ?"

ನಿಮ್ಮ ಗುಮಾಸ್ತ ಬಾಯಿಗೆ ಕಡತ ಅಡ್ಡ ಹಿಡಿದು ನಕ್ಕ. ಮುಂದಿನ ಸಲ ಇರುವುದಿಲ್ಲ ಸ್ವಾಮಿ ಎಂದು ಹೇಳುವಷ್ಟರಲ್ಲಿ ನೀವು ಚಹಾ ತರಿಸಿದಿರಿ. ನನ್ನ ಭಾವನೆಗಳನ್ನು ಗೌರವಿಸುತ್ತೀರಂತೆ. ಭಾವನೆಯನ್ನು ಗೌರವಿಸುವುದು ಬಹಳ ಸುಲಭ, ಅದಕ್ಕೆ ಕುರ್ಚಿಯಿಂದ ಏಳಬೇಕಾಗಿಲ್ಲ.

ನೀವು ಹೊರಗಿನವರು, ನಂಬದಿದ್ದರೆ ಸಹಿಸಿಕೊಂಡೇನು. ಆದರೆ ಸೋಮವಾರ ಕೊರೆಯುವ ಯಂತ್ರ ಹಿಡಿಯುವವನು ನನ್ನ ಮಗ.

ಕಂಚಿನ ಕೆಲಸ ಬಲ್ಲವರೇ ಬೇಕೆಂದು ನೀವು ಅವನಿಗೇ ವಹಿಸಿದಿರಿ. ಅವನಿಗೆ ಹೆಮ್ಮೆ. ಅಪ್ಪನ ಕೆಲಸಕ್ಕೆ ತನ್ನ ಕೈ ಸೇರುತ್ತದೆ ಎಂದು. ಅಂಗಳದಲ್ಲಿ ಕುಳಿತು ಕೊರೆಯುವ ಕಡ್ಡಿಗಳನ್ನು ಸಾಣೆ ಹಿಡಿಯುತ್ತಿದ್ದ. ಒಂದು ಹಳೆಯ ಕಾಂಕ್ರೀಟು ತುಂಡಿನ ಮೇಲೆ ಯಂತ್ರ ಹಚ್ಚಿ ನೋಡಿದ. ಒಳಗೆ ಚಮಚಗಳು ಕುಣಿದವು. ನಾನು ಓಡಿ ಬಂದು ವಿದ್ಯುತ್ ತಂತಿ ಕಿತ್ತೆ. ಅಂಗಳದಲ್ಲೇ, ಸೊಸೆಯ ಎದುರಿಗೇ, ಎಲ್ಲವನ್ನೂ ಹೇಳಿದೆ. ಹೊಲಿಗೆಯವಳು, ಹೊದಿಕೆ, ಬಿಳಿ ಬಳೆ. ಸೊಸೆಯ ಮುಖ ಬಿಳಿಚಿತು. ಅವನು ಮಾತ್ರ ನನ್ನನ್ನು ನೋಡಿ ಮೆಲ್ಲಗೆ ನಕ್ಕ.

"ಅಮ್ಮಾ, ಅಪ್ಪನ ಪೀಠಕ್ಕೆ ತೂತು ಬೀಳೋದು ನಿನಗೆ ನೋಡೋಕಾಗಲ್ಲ. ನನಗೆ ಅರ್ಥ ಆಗುತ್ತೆ. ಅದಕ್ಕೆ ಇಷ್ಟು ದೊಡ್ಡ ಕತೆ ಯಾಕೆ?"

"ಲೋ, ಕತೆಯಲ್ಲ ಕಣೋ. ನಾನೇ ಬಳೆ ಬರೆದದ್ದು. ಸುಳ್ಳು ಬಳೆ."

"ನೀನಾ?" ಅಂದ. "ಅವತ್ತು ಮರಳಿನ ಬುಟ್ಟಿ ಹಿಡ್ಕೊಂಡು ನಾನೇ ನಿಂತಿದ್ದೆ. ಅಪ್ಪ ಎಂಟಾ ಅಂತ ಕೇಳಿದ್ದು, ನೀನು ಎಂಟು ಅಂದದ್ದು, ಎಲ್ಲ ನೆನಪಿದೆ. ನೀನು ತಪ್ಪು ಗುರುತು ಹಾಕೋಳಲ್ಲ ಅಮ್ಮಾ. ಅಪ್ಪ ಸಾಯೋ ತನಕ ಅದನ್ನೇ ಹೇಳ್ಕೊಂಡು ಬಂದ್ರು."

"ಅತ್ತೆ ಇಷ್ಟು ಹೇಳ್ತಿದ್ದಾರೆ, ಒಂದು ವಾರ ಮುಂದಕ್ಕೆ ಹಾಕಿ," ಅಂದಳು ಸೊಸೆ.

"ನಾನು ಬಿಟ್ರೆ ನಾಳೆ ಇನ್ನೊಬ್ಬನನ್ನ ಕರೀತಾರೆ. ಕಂಚಿನ ಗಂಧವೇ ಇಲ್ಲದವನು ಬಂದು ಅಪ್ಪನ ಕೆಲಸ ಹಾಳು ಮಾಡ್ತಾನೆ."

ಅರ್ಥವಾಯಿತೇ, ಮಾನ್ಯರೇ? ನೀವು ನನ್ನನ್ನು ನಂಬದೆ ಕೊರೆಸುತ್ತೀರಿ. ಅವನು ನನ್ನನ್ನು ನಂಬಿ ಕೊರೆಯುತ್ತಾನೆ. ನಲವತ್ತೈದು ವರ್ಷ ಅವನ ಮುಂದೆ ನಾನು ತಪ್ಪೇ ಮಾಡದವಳ ಹಾಗೆ ಬದುಕಿದೆ. ಒಂದು ದಿನವೂ "ತಪ್ಪಾಯ್ತು" ಎಂಬ ಮಾತನ್ನು ಅವನ ಕಿವಿಗೆ ಹಾಕಲಿಲ್ಲ. ಈಗ ಹಾಕಿದರೆ ಅದು ಅವನಿಗೆ ಕೇಳಿಸುತ್ತಿಲ್ಲ.

ಸಾಕ್ಷಿ ಬೇಕೆಂದು ಹೊಲಿಗೆಯವಳನ್ನು ಹುಡುಕಿಕೊಂಡು ಹೋದೆ. ಬದುಕಿದ್ದಾಳೆ. ಕಣ್ಣು ಮಂದವಾಗಿದೆ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು. ಮನೆಯಲ್ಲಿರಲಿಲ್ಲ. ಎಲ್ಲಿದ್ದಳು ಗೊತ್ತೇ? ಚೌಕದಲ್ಲಿ, ಪೀಠಕ್ಕೆ ಬೆನ್ನು ಕೊಟ್ಟು, ಶಾಲೆ ಬಿಡುವುದನ್ನು ಕಾಯುತ್ತಾ ಕುಳಿತಿದ್ದಳು. ದಿನವೂ ಅಲ್ಲೇ ಕೂರುತ್ತಾಳಂತೆ. ಎಷ್ಟೋ ಸಲ ದೂರದಿಂದ ಕಂಡಿದ್ದೆ, ಅವಳೆಂದು ತಿಳಿದಿರಲಿಲ್ಲ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ, ಕಲ್ಲು ಬೆಚ್ಚಗಿದೆ," ಅಂದಳು. "ನನ್ನ ಮೊಮ್ಮಕ್ಕಳಿಗೆಲ್ಲ ಹೇಳ್ತಿರ್ತೀನಿ, ಇದರಲ್ಲಿ ನಮ್ಮನೇದೂ ಒಂದಿದೆ ಅಂತ. ಎರಕದಮ್ಮ ಅದರ ಹಲ್ಲು ಕಿತ್ತು ಮಲಗಿಸಿದ್ದಾರೆ ಅಂತ."

ನಿಂತಲ್ಲೇ ಹೇಳಿದೆ. ಒಂದೇ ಉಸಿರಿಗೆ. ಅವಳು ಬೆನ್ನನ್ನು ಪೀಠದಿಂದ ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದೆಂಬ ಹಾಗೆ, ಬಿಡಿಸಿಕೊಂಡಳು. ನಾನು ಕೈ ಕೊಟ್ಟೆ. ಹಿಡಿಯಲಿಲ್ಲ.

"ಅವತ್ತು ನೀವು ನನಗೆ ಮರ್ಯಾದೆ ಕೊಟ್ರಿ ಅಂದ್ಕೊಂಡಿದ್ದೆ," ಅಂದಳು. "ಬಣ್ಣ ಬಳಿದು ಕಳಿಸಿದ್ರಿ."

"ಹೌದು."

"ಆ ಐದು ತಿಂಗಳು ಹೆದರಿಕೊಂಡಾದ್ರೂ ಬದುಕಿದ್ದೆ ನಾನು. ಮಕ್ಕಳನ್ನ ದೂರ ಮಲಗಿಸ್ತಿದ್ದೆ. ಆ ಹೆದರಿಕೇನ ನೀವು ಇಸ್ಕೊಂಡ್ರಿ. ಇಸ್ಕೊಂಡು ನನ್ನ ಮೊಮ್ಮಗಳನ್ನ ಅದರ ಮೇಲೆ ಕೂರಿಸಿದ್ರಿ."

ನನಗೆ ಜೀವಮಾನದಲ್ಲಿ ಯಾರೂ ಹಾಗೆ ಹೇಳಿಲ್ಲ. ಹೇಳಿದ್ದರೆ ಮರುಮಾತು ಕೇಳಿಸಿಕೊಳ್ಳದೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು, ಅದೂ ನಮ್ಮ ಎರಕವೇ. ಮಕ್ಕಳು ಎಂದಿನಂತೆ ನಿದ್ದೆರಾಯನ ಮಂಡಿಯ ಕಡೆಗೆ ಓಡಿಬಂದವು. ನಾವಿಬ್ಬರು ಮುದುಕಿಯರು ಕೈ ಅಗಲಿಸಿ ಅಡ್ಡ ನಿಂತು ಕೂಗಾಡಿದೆವು. ಮಕ್ಕಳು ಆಟವೆಂದುಕೊಂಡು ನಮ್ಮ ಕೈಯ ಕೆಳಗೆ ನುಸುಳಿದವು. ನಾನು ಒಂದನ್ನು ಹಿಡಿದರೆ ಎರಡು ಹತ್ತುತ್ತಿದ್ದವು. ಅವು ಮೇಲೆ ಕುಳಿತು ಹಿಮ್ಮಡಿಯಿಂದ ಪೀಠವನ್ನು ಒದೆಯುತ್ತಿದ್ದವು, ಟಪ್, ಟಪ್, ಟಪ್. ಯುದ್ಧದ ವರ್ಷಗಳಲ್ಲಿಯೂ ನಾನು ಅಷ್ಟು ಹೆದರಿರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಅತ್ತೆ ಕೊಟ್ಟ ಡಬ್ಬಿ ತೆಗೆದುಕೊಂಡು ಹೋಗಿ ಪೀಠದ ಸುತ್ತ ಅಗಲವಾಗಿ ಕೆಂಪು ಬಳೆ ಬರೆದೆ. ನಮ್ಮ ಎರಕದ ಮನೆಯಲ್ಲಿ ಕೆಂಪು ಬಳೆ ಎಂದರೆ ಮುಟ್ಟಬೇಡ. ಮಧ್ಯಾಹ್ನದ ಹೊತ್ತಿಗೆ ನಿಮ್ಮವರು ಬಂದು ತಂತಿಯ ಕುಂಚದಿಂದ ಗಸಗಸ ಉಜ್ಜಿ ತೆಗೆದರು, ಸ್ಮಾರಕ ವಿರೂಪಗೊಳಿಸಿದ್ದಕ್ಕೆ ನನಗೊಂದು ನೋಟೀಸು ಕೊಟ್ಟರು. ಇಷ್ಟು ಚುರುಕು ನಿಮ್ಮ ಇಲಾಖೆಯಲ್ಲಿದೆ ಎಂದು ನಾಲ್ಕು ತಿಂಗಳಿಂದ ನನಗೆ ಗೊತ್ತೇ ಆಗಿರಲಿಲ್ಲ! ಆ ಉಜ್ಜುವ ಕೆಲಸದವನಿಗೆ ಮದುವೆಯಾಗಿ ಎರಡು ತಿಂಗಳಂತೆ. "ಹುಷಾರು ಕಣಪ್ಪಾ, ಮೆಲ್ಲಗೆ" ಎಂದು ಅವನ ಪಕ್ಕದಲ್ಲೇ ನಿಂತಿದ್ದೆ. "ಬಣ್ಣ ಬಳಿಯೋದೂ ನೀವೇ, ಮೆಲ್ಲಗೆ ಅನ್ನೋದೂ ನೀವೇನಾ ಅಮ್ಮಾ?" ಅಂದ. ಹೌದು, ಎರಡೂ ನಾನೇ.

ಈಗ ನನ್ನ ಮಾತು ನಂಬಬೇಡಿ. ನಂಬಿ ಎಂದು ಕೇಳುವ ಯೋಗ್ಯತೆಯನ್ನು ನಾನೇ ಕಳೆದುಕೊಂಡಿದ್ದೇನೆ. ನಿಮ್ಮ ಕಾಗದವನ್ನು ನಂಬಿ. ನಿಮ್ಮ ಇಲಾಖೆಯ ಹಳೆಯ ಕಡತದಲ್ಲಿ ಹವಾಲ್ದಾರ ರುಜು ಹಾಕಿದ ಹಾಳೆ ಇದೆ. ಅದರಲ್ಲಿ ಅಕ್ಷರದಲ್ಲಿಯೂ ಅಂಕಿಯಲ್ಲಿಯೂ ಬರೆದಿದೆ: ಏಳು. ಆಮೇಲೆ ಚೌಕಕ್ಕೆ ಬನ್ನಿ. ಪೀಠದ ಎದುರಿಗಿರುವ ಕಂಚಿನ ಫಲಕವನ್ನು ಓದಿ. ನಮ್ಮ ಯಜಮಾನರು ಹೊಯ್ದದ್ದು, ಅಕ್ಷರ ಇವತ್ತಿಗೂ ಸವೆದಿಲ್ಲ. "ಈ ಊರಿನ ಮೇಲೆ ಬಿದ್ದ ಎಂಟು ಶೆಲ್ಲುಗಳು ಇದರೊಳಗೆ ನಿದ್ರಿಸುತ್ತಿವೆ." ಮೂವತ್ತಮೂರು ವರ್ಷದಿಂದ ಅದನ್ನು ಎಷ್ಟು ಜನ ಓದಿದ್ದಾರೆ! ನಿಮ್ಮ ಪುಸ್ತಿಕೆಯ ಕೊನೆಯ ಪುಟದಲ್ಲಿ ಫಲಕದ ಚಿತ್ರವೂ ಇದೆ, ಅದರ ಪಕ್ಕದಲ್ಲಿ ನೀವೂ ಇದ್ದೀರಿ. ಎಂಟರಲ್ಲಿ ಏಳು ಕಳೆದರೆ ಎಷ್ಟು? ಎದುರು ಶಾಲೆಯ ಒಂದನೇ ತರಗತಿಯವರನ್ನು ಕೇಳಿ. ಮಂಡಿಯ ಮೇಲೆ ಕೂತೇ ಹೇಳುತ್ತಾರೆ.

ನನ್ನ ಬೇಡಿಕೆ ಇಷ್ಟು. ಸೋಮವಾರದ ಕೆಲಸವನ್ನು ಇವತ್ತೇ, ಲಿಖಿತವಾಗಿ ನಿಲ್ಲಿಸಿ. ಚೌಕಕ್ಕೆ ನಾಲ್ಕು ಕಡೆಯೂ ಹಗ್ಗ ಕಟ್ಟಿಸಿ. ಶಾಲೆಗೆ ರಜೆ ಕೊಡಿಸಿ. ಸೇನೆಯಿಂದ ಬಲ್ಲವರನ್ನು ಕರೆಸಿ ಪೀಠವನ್ನು ಅವರ ಕೈಗೆ ಒಪ್ಪಿಸಿ. ನಿದ್ದೆರಾಯನನ್ನು ಇಳಿಸಬೇಕಾದರೆ ಇಳಿಸಲಿ. ಅವನ ಕಾಲು ಬಿರುಕು ಬಿಡುವುದಿಲ್ಲ, ಅದಕ್ಕೆ ನಾನು ಹೊಣೆ. ನನ್ನ ಮೇಲೆ ಯಾವ ಮೊಕದ್ದಮೆ ಹೂಡುತ್ತೀರೋ ಹೂಡಿ, ನೋಟೀಸಿನ ಜೊತೆಗೆ ಅದನ್ನೂ ಕಳಿಸಿ, ಮನೆಯಲ್ಲೇ ಇರುತ್ತೇನೆ. ಕೆಲಸ ಮುಗಿದ ಮೇಲೆ ಆ ಫಲಕವನ್ನು ಬಿಚ್ಚಿಸಿ ನಮ್ಮ ಕುಲುಮೆಗೆ ಕಳಿಸಿಕೊಡಿ. ಯಜಮಾನರ ಅಕ್ಷರಗಳನ್ನು ನಾನೇ ಕರಗಿಸಿ ಸರಿಯಾದ ಸಂಖ್ಯೆ ಹೊಯ್ಯುತ್ತೇನೆ. ಅವರು "ಎಂಟಾ? ಏಳಲ್ವೇನೇ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಮಗನೇ, ನೀನು ಪತ್ರಿಕೆಯಲ್ಲಿ ಮೊದಲು ಆಟದ ಪುಟ ಓದುವವನು. ಇವತ್ತು ಇದನ್ನು ಓದು. ಅಂಗಳದಲ್ಲಿ ನಿನಗೆ ಕೇಳಿಸದ್ದನ್ನು ಊರೆಲ್ಲ ಓದುವ ಕಡೆ ಬರೆದಿದ್ದೇನೆ, ಹಾಗಾದರೂ ನಂಬುತ್ತೀಯೇನೋ ಎಂದು. ನಿನ್ನಪ್ಪ ಕೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ಏಳು.

ಇಂತಿ,
ಒಂದು ಬಿಳಿ ಬಳೆಯನ್ನು ಸುಳ್ಳಾಗಿ ಬರೆದ ಎರಕದ ಮನೆಯ ಹೆಂಗಸು

ಜೊತೆಗೆ ಹೆಬ್ಬೆಟ್ಟು:
ಎಂಟನೆಯದನ್ನು ಹೊದಿಕೆಯಲ್ಲಿ ತಂದವಳು. (ನಾನಿನ್ನೂ ಎರಕದಮ್ಮನ ಮೇಲಿನ ಸಿಟ್ಟು ಬಿಟ್ಟಿಲ್ಲ ಎಂದೂ ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.)